ಅಕ್ಷರ ದೀಪದ ಬೆಳಕಿನಲ್ಲಿ ನೆಲ್ಲೂರಿನ ತಾಯಂದಿರು

ನಮ್ಮ ನಾಡಿನ ಹಳ್ಳಿಗಳಲ್ಲಿ ಬಹುಕಾಲದವರೆಗೆ ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿಯೂ ಹೆಬ್ಬೆಟ್ಟಿನ ಮಸಿ ಇನ್ನೊಬ್ಬರ ಕೈಯಲ್ಲಿಯೂ ಇದ್ದವು. ಸಾಲವೆಷ್ಟು, ಬಡ್ಡಿಯೆಷ್ಟು, ತೀರಿದ್ದೆಷ್ಟು ಎಂಬುದನ್ನು ಬರೆದವನೇ ಬಲ್ಲ; ಹೆಬ್ಬೆಟ್ಟು ಒತ್ತಿದವರು ಅವನ ಮಾತನ್ನು ನಂಬಬೇಕು. ಆ ಹೆಬ್ಬೆಟ್ಟು ಹೆಣ್ಣುಮಗಳದಾಗಿದ್ದರೆ ಅವಳು ನಂಬಬೇಕಾದವರು ಇಬ್ಬರು: ಹೊರಗೆ ಸಾಹುಕಾರ, ಮನೆಯೊಳಗೆ ಗಂಡ. 1951ರ ಜನಗಣತಿಯ ಪ್ರಕಾರ ಭಾರತದ ಮಹಿಳೆಯರಲ್ಲಿ ಸಾಕ್ಷರರಾಗಿದ್ದವರು ಶೇಕಡಾ 8.86 ಮಾತ್ರ. ನಲವತ್ತು ವರ್ಷಗಳ ನಂತರ, 1991ರಲ್ಲಿ, ಆ ಸಂಖ್ಯೆ ಶೇಕಡಾ 39.29ಕ್ಕೆ ಏರಿತು. ಏರಿಕೆ ಸಣ್ಣದಲ್ಲ, ಆದರೂ ಹತ್ತು ಮಂದಿಯಲ್ಲಿ ಆರು ಮಂದಿ ಇನ್ನೂ ಅಕ್ಷರದ ಹೊರಗೇ ಉಳಿದಿದ್ದರು.

ಅಕ್ಷರ ಕಲಿತ ಮಾತ್ರಕ್ಕೆ ಸ್ತ್ರೀ ಸಬಲೆಯಾಗುವಳೇ? ಸಹಿ ಮಾಡಬಲ್ಲ ಹೆಣ್ಣುಮಗಳು ತಾನು ಸಹಿ ಮಾಡಿದ್ದನ್ನು ಅರಿಯಬಲ್ಲಳೇ? ವಯಸ್ಕರ ಶಿಕ್ಷಣದ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೂ ನಡೆದಿದೆ. ಇದಕ್ಕೆ ಸ್ಪಷ್ಟವಾದ ಉತ್ತರವೊಂದು ದೊರೆತದ್ದು 1990ರ ದಶಕದ ಆರಂಭದಲ್ಲಿ, ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ. ಶಿಕ್ಷಣಕ್ಕೆ ದಾನ ಮಾಡುವ ಪ್ರತಿಯೊಂದು ಕುಟುಂಬವೂ ಪ್ರತಿಯೊಂದು ಸಂಸ್ಥೆಯೂ ತಿಳಿದಿರಬೇಕಾದ ಇತಿಹಾಸವದು.

ಅಕ್ಷರ ಚಳವಳಿಯ ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಸ್ವತಂತ್ರವಾದ ಏಷ್ಯಾ ಮತ್ತು ಆಫ್ರಿಕಾದ ರಾಷ್ಟ್ರಗಳ ಮುಂದೆ ನಿರಕ್ಷರತೆ ದೊಡ್ಡ ಸಮಸ್ಯೆಯಾಗಿ ನಿಂತಿತು. 1965ರ ಸೆಪ್ಟೆಂಬರ್ 8ರಂದು ಟೆಹರಾನ್ ನಗರದಲ್ಲಿ ಯುನೆಸ್ಕೋ ಆಶ್ರಯದಲ್ಲಿ ವಿವಿಧ ದೇಶಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಆರಂಭವಾಯಿತು. ಅದರ ನೆನಪಿಗಾಗಿಯೇ ಸೆಪ್ಟೆಂಬರ್ 8ನ್ನು ಅಂತರರಾಷ್ಟ್ರೀಯ ಸಾಕ್ಷರತಾ ದಿನವಾಗಿ ಆಚರಿಸಲಾಗುತ್ತದೆ. 1967ರಿಂದ 1973ರವರೆಗೆ ಯುನೆಸ್ಕೋ ಹಲವು ದೇಶಗಳಲ್ಲಿ ಪ್ರಾಯೋಗಿಕ ಸಾಕ್ಷರತಾ ಕಾರ್ಯಕ್ರಮವನ್ನು ನಡೆಸಿತು. ಅಕ್ಷರವನ್ನು ಉತ್ಪಾದನೆಯೊಡನೆ ಜೋಡಿಸುವುದು ಅದರ ಉದ್ದೇಶವಾಗಿತ್ತು. ಓದು ಕಲಿತ ಕೃಷಿಕ ಹೆಚ್ಚು ಬೆಳೆಯುವನು, ಓದು ಕಲಿತ ಕಾರ್ಮಿಕ ಹೆಚ್ಚು ದುಡಿಯುವನು ಎಂಬುದು ಅಂದಿನ ನಂಬಿಕೆ. 1976ರಲ್ಲಿ ಪ್ರಕಟವಾದ ಮೌಲ್ಯಮಾಪನವು ನಿರೀಕ್ಷಿಸಿದ ಫಲ ದೊರೆಯಲಿಲ್ಲವೆಂಬುದನ್ನು ಒಪ್ಪಿಕೊಂಡಿತು.

ಇದಕ್ಕೂ ಮೊದಲೇ, 1963ರಲ್ಲಿ, ಬ್ರೆಜಿಲ್ ದೇಶದ ಆಂಜಿಕೋಸ್ ಎಂಬ ಊರಿನಲ್ಲಿ ಪಾವ್ಲೋ ಫ್ರೇರೆ ಎಂಬ ಶಿಕ್ಷಣ ಚಿಂತಕರು ಬೇರೊಂದು ಮಾರ್ಗವನ್ನು ಪರೀಕ್ಷಿಸಿದ್ದರು. ಕಲಿಯುವವರ ಬಾಳಿನಲ್ಲಿ ದಿನವೂ ಬಳಕೆಯಾಗುವ ಪದಗಳಿಂದಲೇ ಅಕ್ಷರ ಕಲಿಸಬೇಕು. ಆ ಪದದ ಹಿಂದಿರುವ ಕಷ್ಟವನ್ನು ಕುರಿತು ಅವರೇ ಮಾತನಾಡಬೇಕು. ಓದು ಮತ್ತು ವಿಚಾರ ಒಟ್ಟಿಗೆ ಬರಬೇಕು ಎಂಬುದು ಅವರ ಮತ. ಈ ವಿಚಾರ ಮುಂದೆ ಅನೇಕ ದೇಶಗಳ ಕಾರ್ಯಕರ್ತರನ್ನು ಪ್ರಭಾವಿಸಿತು. ಭಾರತವೂ ಅದರಿಂದ ಹೊರತಾಗಿರಲಿಲ್ಲ.

ನಮ್ಮಲ್ಲಿ 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪಿತವಾಯಿತು. 15ರಿಂದ 35 ವರ್ಷ ವಯಸ್ಸಿನ 8 ಕೋಟಿ ಜನರನ್ನು 1995ರೊಳಗೆ ಸಾಕ್ಷರರನ್ನಾಗಿಸುವುದು ಅದರ ಗುರಿ. ಕೇರಳದ ಎರ್ನಾಕುಲಂ ಜಿಲ್ಲೆ, ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ನೆರವಿನಿಂದ, 1990ರ ಫೆಬ್ರವರಿಯಲ್ಲಿ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. 1991ರ ಏಪ್ರಿಲ್ 18ರಂದು ಕೋಳಿಕ್ಕೋಡಿನಲ್ಲಿ ಇಡೀ ಕೇರಳವೇ ಸಾಕ್ಷರ ರಾಜ್ಯವೆಂದು ಘೋಷಿಸಿದವರು ಮಂತ್ರಿಗಳಲ್ಲ. ಹೊಸದಾಗಿ ಓದು ಕಲಿತ ಚೇಲಕ್ಕೋಡನ್ ಆಯಿಷಾ ಎಂಬ ಗ್ರಾಮೀಣ ಮಹಿಳೆ. ಎರ್ನಾಕುಲದ ಮಾದರಿಯನ್ನು ಅನುಸರಿಸಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಅಕ್ಷರ ಆಂದೋಲನಗಳು ಹೊರಟವು. ನೆಲ್ಲೂರಿನ 'ಅಕ್ಷರ ದೀಪಂ' ಅವುಗಳಲ್ಲಿ ಒಂದು.

ಪಾಠ ಪುಸ್ತಕದಲ್ಲಿ ಸ್ವಂತ ಬಾಳು

ಪೆನ್ನಾ ನದಿಯ ನೀರಿನಿಂದ ಭತ್ತ ಬೆಳೆಯುವ ಜಿಲ್ಲೆ ನೆಲ್ಲೂರು. ಗದ್ದೆಗಳ ಸಮೃದ್ಧಿ ಗದ್ದೆಯಲ್ಲಿ ನಾಟಿ ಮಾಡುವವರ ಮನೆ ಸೇರುತ್ತಿರಲಿಲ್ಲ. 1990ರಲ್ಲಿ ಅಲ್ಲಿ ಸಾಕ್ಷರತಾ ಕಾರ್ಯ ಆರಂಭವಾಗಿ 1991ರಿಂದ ಭರದಿಂದ ಸಾಗಿತು. ಜಿಲ್ಲಾಡಳಿತದೊಡನೆ ಜನ ವಿಜ್ಞಾನ ವೇದಿಕೆ ಮೊದಲಾದ ಸ್ವಯಂಸೇವಾ ಸಂಸ್ಥೆಗಳು ಕೈಜೋಡಿಸಿದವು. ಹಾಡು ಮತ್ತು ಬೀದಿ ನಾಟಕಗಳ ಕಲಾ ಜಾಥಾಗಳು ಊರೂರಿಗೆ ಹೋಗಿ ಜನರನ್ನು ಕರೆದವು. ಹಗಲೆಲ್ಲ ಕೂಲಿ ಮಾಡಿದ ಹೆಂಗಸರು ಅಡಿಗೆ ಕೆಲಸ ಮುಗಿಸಿ ರಾತ್ರಿ ದೀಪದ ಬೆಳಕಿನಲ್ಲಿ ಕಲಿಯಲು ಕುಳಿತರು. ಅವರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಜಾತಿಗಳ ಕೃಷಿ ಕೂಲಿಕಾರರು.

ರಾಷ್ಟ್ರೀಯ ಸಾಕ್ಷರತಾ ಮಿಷನ್ ರೂಪಿಸಿದ ಕ್ರಮದಂತೆ ಕಲಿಕೆಗೆ ಮೂರು ಹಂತದ ಪುಸ್ತಕಗಳು, ಸುಮಾರು 200 ಗಂಟೆಗಳ ಪಾಠ. ಆದರೆ ಅಲ್ಲಿ ಕೆಲಸ ಮಾಡಿದ್ದು ಗಂಟೆಗಳ ಲೆಕ್ಕವಲ್ಲ, ಪಾಠದ ವಿಷಯ. ಪುಸ್ತಕದಲ್ಲಿ 'ಸೀತಮ್ಮ ಕಥ' ಎಂಬ ಪಾಠವಿತ್ತು. ಗಂಡನ ಕುಡಿತದಿಂದ ನೊಂದ ಹೆಣ್ಣಿನ ಬಾಳು ಅದರ ವಸ್ತು. ಅಕ್ಷರ ಕೂಡಿಸಿ ಕೂಡಿಸಿ ಆ ಪಾಠ ಓದಿದ ಮಹಿಳೆಯರಿಗೆ ಅದು ಬೇರೊಬ್ಬಳ ಕಥೆಯೆನಿಸಲಿಲ್ಲ. ಅದುವರೆಗೆ ಪ್ರತಿಯೊಬ್ಬಳೂ ತನ್ನ ಮನೆಯ ದುಃಖವನ್ನು ತನ್ನ ಹಣೆಬರಹವೆಂದೇ ತಿಳಿದಿದ್ದಳು. ಇಪ್ಪತ್ತು ಮೂವತ್ತು ಮಂದಿ ಒಂದೇ ಕಡೆ ಕುಳಿತು ಅದೇ ದುಃಖವನ್ನು ಅಚ್ಚಿನಲ್ಲಿ ಕಂಡಾಗ, ಇದು ಹಣೆಬರಹವಲ್ಲ, ಊರಿನಲ್ಲಿ ನಡೆಯುತ್ತಿರುವ ಒಂದು ವ್ಯವಹಾರದ ಫಲ ಎಂಬ ಅರಿವು ಮೂಡಿತು.

ಆ ವ್ಯವಹಾರ ಸಾರಾಯಿಯದು. ಸಾರಾಯಿ ಅಂಗಡಿಗಳ ಹಕ್ಕನ್ನು ಸರ್ಕಾರ ವರ್ಷವರ್ಷವೂ ಹರಾಜು ಹಾಕುತ್ತಿತ್ತು. 1980ರ ದಶಕದಲ್ಲಿ 'ವಾರುಣಿ ವಾಹಿನಿ' ಎಂಬ ಯೋಜನೆಯ ಮೂಲಕ ಸಾರಾಯಿ ಪ್ಯಾಕೆಟ್ಟುಗಳಲ್ಲಿ ತುಂಬಿ ಹಳ್ಳಿಯ ಮೂಲೆಮೂಲೆಗೂ ತಲುಪಿತು. ಗುತ್ತಿಗೆದಾರ ಹರಾಜಿನಲ್ಲಿ ಕೂಗಿದ ಹಣವನ್ನು ಮರಳಿ ಪಡೆಯಬೇಕಾದರೆ ಮಾರಾಟ ಹೆಚ್ಚಬೇಕು. ಮಾರಾಟ ಹೆಚ್ಚಬೇಕಾದರೆ ಕೊಳ್ಳುವವನಿಗೆ ಕೈಸಾಲವನ್ನೂ ಕೊಡಬೇಕು. ಹೀಗೆ ಗಂಡಸಿನ ಕೂಲಿ ಅಂಗಡಿಯಲ್ಲಿಯೇ ಜಮಾ ಆಗುತ್ತಿತ್ತು. ಮನೆಯ ಅನ್ನ ಹೆಂಗಸಿನ ಕೂಲಿಯಿಂದ ಬೇಯಬೇಕಾಗಿತ್ತು. ಅನೇಕ ಮನೆಗಳಲ್ಲಿ ಆ ಕೂಲಿಯೂ ಅವಳ ಸೆರಗಿನ ಗಂಟಿನಲ್ಲಿ ಉಳಿಯುತ್ತಿರಲಿಲ್ಲ.

ದೂಬಗುಂಟದ ನಿರ್ಧಾರ

ಕಲಿಗಿರಿ ಮಂಡಲದ ದೂಬಗುಂಟ ಸಣ್ಣ ಹಳ್ಳಿ. ಅಲ್ಲಿನ ಮಹಿಳೆಯರು ಮೊದಲು ಗ್ರಾಮದ ಹಿರಿಯರ ಬಳಿಗೆ ಹೋಗಿ ಅಂಗಡಿ ಮುಚ್ಚಿಸಬೇಕೆಂದು ಕೇಳಿಕೊಂಡರು. ಮನವಿಗೆ ಬೆಲೆ ಬರಲಿಲ್ಲ. ಆಗ ಸುಮಾರು ನೂರು ಮಂದಿ ಗುಂಪಾಗಿ ಊರ ಹೊರಗೆ ನಿಂತು ಬರುತ್ತಿದ್ದ ಹೆಂಡದ ಗಾಡಿಯನ್ನು ತಡೆದರು. ಹೆಂಡವನ್ನು ನೆಲಕ್ಕೆ ಸುರಿಯುವಂತೆ ಗಾಡಿಯವನಿಗೆ ಹೇಳಿದರು. ಅವನಿಗೆ ಆಗುವ ನಷ್ಟಕ್ಕೆ ತಾವೆಲ್ಲ ಒಂದೊಂದು ರೂಪಾಯಿ ಕೂಡಿಸಿ ಕೊಡುವುದಾಗಿಯೂ ಹೇಳಿದರೆಂಬುದು ವಿಶೇಷವಾಗಿ ಗಮನಿಸತಕ್ಕ ಮಾತು. ಬಡವನಾದ ಗಾಡಿಯವನ ಹೊಟ್ಟೆಯ ಮೇಲೆ ಹೊಡೆಯುವ ಮನಸ್ಸು ಅವರಿಗಿರಲಿಲ್ಲ. ಅನಂತರ ಸಾರಾಯಿ ತಂದ ಜೀಪನ್ನು ಮುತ್ತಿದರು. ಕಲೆಕ್ಟರರಿಗೆ ದೂರು ಬರೆದುಕೊಡುವುದಾಗಿ ಎಚ್ಚರಿಸಿದರು. ಗುತ್ತಿಗೆದಾರ ಹಿಂಜರಿದ, ಅಂಗಡಿ ಮುಚ್ಚಿತು. ಈ ಹೋರಾಟದ ಮುಂದಾಳಾಗಿದ್ದ ವರ್ಧಿನೇನಿ ರೋಸಮ್ಮ ಮುಂದೆ ದೂಬಗುಂಟ ರೋಸಮ್ಮನೆಂದೇ ಪ್ರಸಿದ್ಧರಾದರು.

ಈ ಘಟನೆ ಒಂದು ಊರಿನಲ್ಲಿಯೇ ಮುಗಿಯಬಹುದಾಗಿತ್ತು. ಮುಗಿಯದಿದ್ದುದಕ್ಕೆ ಕಾರಣ ಮತ್ತೊಂದು ಪಾಠ. ಸಾಕ್ಷರತೆಯ ಮುಂದುವರಿದ ಹಂತದ ಪುಸ್ತಕದಲ್ಲಿ ದೂಬಗುಂಟದ ಕಥೆಯನ್ನೇ 'ಆಡವಾಳ್ಳು ಏಕಮೈತೇ', ಅಂದರೆ 'ಹೆಂಗಸರು ಒಂದಾದರೆ', ಎಂಬ ಹೆಸರಿನಲ್ಲಿ ಅಚ್ಚು ಮಾಡಲಾಯಿತು. ಆ ಪುಸ್ತಕ ಜಿಲ್ಲೆಯ ಕಲಿಕಾ ಕೇಂದ್ರಗಳಿಗೆಲ್ಲ ಹೋಯಿತು. ತಮ್ಮಂಥವರೇ ಆದ ಕೂಲಿ ಹೆಂಗಸರು ಮಾಡಿದ ಕಾರ್ಯವನ್ನು ತಾವೇ ಓದಿದ ಮಹಿಳೆಯರು ತಮ್ಮ ತಮ್ಮ ಊರಿನಲ್ಲಿಯೂ ಹಾಗೆಯೇ ಮಾಡತೊಡಗಿದರು. ಬಾಯಿಂದ ಬಾಯಿಗೆ ಹೋಗುವ ಸುದ್ದಿ ದಾರಿಯಲ್ಲಿ ಬದಲಾಗಬಹುದು. ಅಚ್ಚಾದ ಪಾಠ ನೂರು ಊರಿಗೂ ಒಂದೇ ರೀತಿಯಲ್ಲಿ ತಲುಪಿತು. ಅಕ್ಷರದ ನಿಜವಾದ ಪ್ರಯೋಜನ ಇಲ್ಲಿ ಕಾಣುತ್ತದೆ.

1992ರಲ್ಲಿ ಚಳವಳಿ ಜಿಲ್ಲೆಯನ್ನೆಲ್ಲ ವ್ಯಾಪಿಸಿತು. ಮಹಿಳೆಯರು ಪೊರಕೆ ಮತ್ತು ಮೆಣಸಿನ ಪುಡಿ ಹಿಡಿದು ಅಂಗಡಿಗಳ ಮುಂದೆ ಕಾವಲು ಕುಳಿತರು, ಪ್ಯಾಕೆಟ್ಟುಗಳನ್ನು ಸುಟ್ಟರು. ಪೊರಕೆ, ಮೆಣಸಿನ ಪುಡಿಗಳು ಅಹಿಂಸೆಯ ಸಾಧನಗಳೆಂದು ಹೇಳಲಾಗದು. ಆದರೆ ಅದಕ್ಕೂ ಮುಂಚೆ ಅದೇ ಮಹಿಳೆಯರು ಎಷ್ಟು ವರ್ಷ ಮನೆಯೊಳಗೆ ಹಿಂಸೆಯನ್ನು ಸಹಿಸಿದ್ದರೆಂಬುದನ್ನೂ ತೂಕಕ್ಕೆ ಇಡಬೇಕು. ಸೆಪ್ಟೆಂಬರ್ ತಿಂಗಳಲ್ಲಿ ನೆಲ್ಲೂರಿನಲ್ಲಿ ನಡೆಯಬೇಕಾಗಿದ್ದ ಸಾರಾಯಿ ಹರಾಜನ್ನು ಮುಂದೂಡಬೇಕಾಯಿತು. ಆಗಿನ ಮುಖ್ಯಮಂತ್ರಿ ಎನ್. ಜನಾರ್ದನ ರೆಡ್ಡಿಯವರು ಅದೇ ಜಿಲ್ಲೆಯವರೆಂಬುದು ಹೋರಾಟಕ್ಕೆ ಮತ್ತಷ್ಟು ಮಹತ್ತ್ವ ತಂದಿತು.

ಸರ್ಕಾರದ ಜಮಾ ಮತ್ತು ಖರ್ಚು

ವ್ಯಾಪಾರಿಯ ಕಣ್ಣಿನಿಂದ ನೋಡುವವರಿಗೆ ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಆಂಧ್ರಪ್ರದೇಶದ ಅಬಕಾರಿ ಆದಾಯ 1970-71ರಲ್ಲಿ 39 ಕೋಟಿ ರೂಪಾಯಿ. 1991-92ರಲ್ಲಿ ಅದು 812 ಕೋಟಿ. ಇಪ್ಪತ್ತೊಂದು ವರ್ಷಗಳಲ್ಲಿ ಇಪ್ಪತ್ತು ಪಟ್ಟಿಗೂ ಮಿಗಿಲಾದ ಬೆಳವಣಿಗೆ! ಇದೇ ಸರ್ಕಾರ 1983ರಿಂದ ಬಡವರಿಗೆ ಕಿಲೋಗೆ 2 ರೂಪಾಯಿ ದರದಲ್ಲಿ ಅಕ್ಕಿಯನ್ನು ಕೊಡತೊಡಗಿತ್ತು. ಒಂದು ಕೈಯಿಂದ ಅಗ್ಗದ ಅಕ್ಕಿ ಮನೆಯೊಳಗೆ ಬಂದರೆ ಇನ್ನೊಂದು ಕೈಯಿಂದ ಕೂಲಿಯ ಹಣ ಸಾರಾಯಿಯಾಗಿ ಹೊರಗೆ ಹರಿಯಿತು. ಅಕ್ಷರ ಕಲಿಸಿದ್ದೂ ಅದೇ ಸರ್ಕಾರ. ತಾನೇ ಕಲಿಸಿದ ಅಕ್ಷರದಿಂದ ತನ್ನ ಲೆಕ್ಕವನ್ನೇ ಪ್ರಜೆಗಳು ಪರಿಶೋಧಿಸುವರೆಂದು ಅದು ಎಣಿಸಿರಲಿಲ್ಲ.

ಹೋರಾಟಕ್ಕೆ ಫಲ ದೊರೆಯಿತು. 1993ರ ಏಪ್ರಿಲ್ 15ರಿಂದ ನೆಲ್ಲೂರು ಜಿಲ್ಲೆಯಲ್ಲಿಯೂ, ಅದೇ ವರ್ಷದ ಅಕ್ಟೋಬರ್ 1ರಿಂದ ಇಡೀ ರಾಜ್ಯದಲ್ಲಿಯೂ ಸಾರಾಯಿ ನಿಷೇಧವಾಯಿತು. 1994ರ ಚುನಾವಣೆಯಲ್ಲಿ ಸಂಪೂರ್ಣ ಪಾನನಿರೋಧದ ಭರವಸೆ ನೀಡಿದ ಎನ್.ಟಿ. ರಾಮರಾವ್ ಅವರು ಗೆದ್ದು ಬಂದರು. 1995ರ ಜನವರಿ 16ರಿಂದ ಎಲ್ಲ ಬಗೆಯ ಮದ್ಯಕ್ಕೂ ನಿಷೇಧ ಬಂದಿತು. ಆದರೆ ಅದು ಹೆಚ್ಚು ಕಾಲ ಬಾಳಲಿಲ್ಲ. ನೆರೆರಾಜ್ಯಗಳಿಂದ ಕಳ್ಳಸಾಗಣೆ ನಡೆಯಿತು. ಬೊಕ್ಕಸಕ್ಕೆ ದೊಡ್ಡ ಕೊರತೆ ಬಂದಿತು. 1997ರ ಏಪ್ರಿಲ್‌ನಲ್ಲಿ ಚಂದ್ರಬಾಬು ನಾಯ್ಡು ಅವರ ಸರ್ಕಾರ ನಿಷೇಧವನ್ನು ಸಡಿಲಿಸಿತು. ಸಾರಾಯಿಯ ನಿಷೇಧ ಮಾತ್ರ ಉಳಿದು, ಬಾಟಲಿಯ ಮದ್ಯ ಮರಳಿ ಬಂದಿತು.

ಹಾಗಾದರೆ ಆ ತಾಯಂದಿರು ಸೋತರೇ? ಕಾನೂನನ್ನೇ ಅಳತೆಗೋಲಾಗಿ ಹಿಡಿದರೆ ಅರ್ಧ ಸೋತರೆನ್ನಬೇಕು. ಶ್ರಾವಕಾಚಾರದಲ್ಲಿ ಮದ್ಯತ್ಯಾಗಕ್ಕೆ ಮೂಲಗುಣಗಳ ಸಾಲಿನಲ್ಲಿ ಮೊದಲ ಸ್ಥಾನವಿದ್ದರೂ ಅದು ವ್ಯಕ್ತಿ ತಾನಾಗಿ ಸ್ವೀಕರಿಸುವ ವ್ರತ. ರಾಜಾಜ್ಞೆಯಿಂದ ಹೇರಿದ ತ್ಯಾಗಕ್ಕೆ ಆ ಬಲ ಬರುವುದು ಕಷ್ಟ. ಆದರೆ ನೆಲ್ಲೂರಿನಲ್ಲಿ ಆದ ಲಾಭವನ್ನು ಕಾನೂನಿನ ಪುಟದಲ್ಲಿ ಮಾತ್ರ ಹುಡುಕುವುದು ಸರಿಯಲ್ಲ.

ದಿನಕ್ಕೊಂದು ರೂಪಾಯಿ

ಸಾರಾಯಿ ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಉಳಿದ ಹಣವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವಾಗಿ 1993ರಲ್ಲಿ ನೆಲ್ಲೂರಿನಲ್ಲಿ 'ಪೊದುಪುಲಕ್ಷ್ಮಿ' ಎಂಬ ಉಳಿತಾಯ ಚಳವಳಿ ಹುಟ್ಟಿತು. ತೆಲುಗಿನಲ್ಲಿ ಪೊದುಪು ಎಂದರೆ ಉಳಿತಾಯ. ಸದಸ್ಯೆಯೊಬ್ಬಳು ದಿನಕ್ಕೆ 1 ರೂಪಾಯಿ ಉಳಿಸಬೇಕು. ತಿಂಗಳಿಗೆ 30 ರೂಪಾಯಿ. ಹದಿನೈದು ಮಂದಿಯ ಗುಂಪಿನಲ್ಲಿ ಇದು ತಿಂಗಳಿಗೆ 450, ವರ್ಷಕ್ಕೆ 5,400 ರೂಪಾಯಿ. ಮೊತ್ತ ದೊಡ್ಡದಲ್ಲ. ಆದರೆ ಬಿತ್ತನೆಯ ಕಾಲದಲ್ಲಿ, ಹೆರಿಗೆಯ ಹೊತ್ತಿನಲ್ಲಿ, ಮಗುವಿನ ಜ್ವರಕ್ಕೆ ಔಷಧ ತರಲು ಸಾಹುಕಾರನ ಬಾಗಿಲಿಗೆ ಹೋಗದಂತೆ ತಡೆಯಲು ಅದು ಸಾಕಾಗುತ್ತಿತ್ತು. ಆ ಹಣದ ಲೆಕ್ಕ ಬರೆಯುವ ಪುಸ್ತಕವೂ ಮಹಿಳೆಯರ ಕೈಯಲ್ಲಿಯೇ ಇತ್ತು. ಜಮೆ ಯಾವುದು, ಖರ್ಚು ಯಾವುದು, ಯಾರ ಬಾಕಿ ಎಷ್ಟು ಎಂಬುದನ್ನು ಅವರು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕಾಗಿತ್ತು. ಕಲಿತ ಅಕ್ಷರ ಮರೆಯದಂತೆ ಕಾಪಾಡಿದ್ದು ಈ ಅಭ್ಯಾಸವೇ.

ಈ ಮಾತಿಗೆ ಮಹತ್ತ್ವವಿದೆ. ಏಕೆಂದರೆ ದೇಶದ ಅನೇಕ ಜಿಲ್ಲೆಗಳಲ್ಲಿ ಘೋಷಣೆಯ ಸಮಾರಂಭ ಮುಗಿದ ಮೇಲೆ ಅಕ್ಷರವೂ ಮರೆಯಾಯಿತು. ಸಾಕ್ಷರತಾ ಆಂದೋಲನವನ್ನು ಪರಿಶೀಲಿಸಿದ ಅರುಣ್ ಘೋಷ್ ಅಧ್ಯಕ್ಷತೆಯ ತಜ್ಞರ ಸಮಿತಿ 1994ರಲ್ಲಿಯೇ ಅದರ ಕೊರತೆಗಳನ್ನು ತೋರಿಸಿತ್ತು. ಓದಲು ಹೊಸದೇನೂ ಇಲ್ಲದ, ಬರೆಯಲು ಅಗತ್ಯವೇ ಇಲ್ಲದ ಬಾಳಿನಲ್ಲಿ ಅಕ್ಷರ ಹೇಗೆ ನಿಂತೀತು? ಆಂಧ್ರಪ್ರದೇಶದ ಮಹಿಳಾ ಸಾಕ್ಷರತೆ 1991ರಲ್ಲಿ ಶೇಕಡಾ 32.72 ಇದ್ದುದು 2001ರಲ್ಲಿ 50.43ಕ್ಕೆ ಏರಿತು. ಈ ಏರಿಕೆಯಲ್ಲಿ ಶಾಲೆಗೆ ಹೋದ ಹೆಣ್ಣುಮಕ್ಕಳ ಪಾಲೂ ಇದೆ. ಆ ಮಕ್ಕಳನ್ನು ಶಾಲೆಗೆ ಕಳುಹಿಸಲು ಹಟ ಹಿಡಿದ ತಾಯಂದಿರ ಪಾಲೂ ಇದೆ.

ಕರ್ನಾಟಕದ ಅನುಭವ

ಉಳಿತಾಯ ಗುಂಪಿನ ವಿಚಾರದಲ್ಲಿ ಕರ್ನಾಟಕ ಹಿಂದುಳಿದಿರಲಿಲ್ಲ. 1980ರ ದಶಕದ ಮಧ್ಯಭಾಗದಲ್ಲಿಯೇ ಮೈರಾಡಾ ಸಂಸ್ಥೆ ಇಲ್ಲಿನ ಹಳ್ಳಿಗಳಲ್ಲಿ ಇಂತಹ ಗುಂಪುಗಳನ್ನು ಕಟ್ಟಿತ್ತು. ಅಂತಹ ಅನುಭವಗಳನ್ನು ಕಂಡು ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ಇಂದು ದೇಶದಾದ್ಯಂತ ಹರಡಿರುವ ಸ್ವಸಹಾಯ ಸಂಘಗಳ ಬೆಳವಣಿಗೆಗೆ ಇದು ಬುನಾದಿಯಾಯಿತು.

1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಾಖ್ಯಾ ಬಿಜಾಪುರ, ಬೀದರ್ ಮೊದಲಾದ ಜಿಲ್ಲೆಗಳಲ್ಲಿ ನೆಲ್ಲೂರಿಗಿಂತ ಭಿನ್ನವಾದ ದಾರಿ ಹಿಡಿಯಿತು. ಅಲ್ಲಿ ಅಕ್ಷರವನ್ನು ಮೊದಲೇ ಹೇರಲಿಲ್ಲ. ಮೊದಲು ಸಂಘ, ನೀರು, ಕೂಲಿ, ಆರೋಗ್ಯ, ಪಂಚಾಯತಿ ಮುಂತಾದ ವಿಷಯಗಳ ಚರ್ಚೆ, ಓದು ಬೇಕೆಂದು ಸದಸ್ಯೆಯರೇ ಕೇಳಿದಾಗ ಅಕ್ಷರ. ನೆಲ್ಲೂರಿನಲ್ಲಿ ಅಕ್ಷರದಿಂದ ಸಂಘ ಹುಟ್ಟಿತು. ಇಲ್ಲಿ ಸಂಘದಿಂದ ಅಕ್ಷರ ಹುಟ್ಟಿತು. ಕ್ರಮ ಯಾವುದೇ ಇರಲಿ, ಎರಡೂ ಕೂಡಿದ ಕಡೆ ಮಾತ್ರ ಫಲ ಕಂಡಿತೆಂಬುದು ಎರಡೂ ಪ್ರಯೋಗಗಳ ಸಾರ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೂ ಮದ್ಯದ ಹಾವಳಿ ತಗ್ಗದಿದ್ದುದರಿಂದ 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಬೇಕಾಯಿತು.

ಸಹಿ ಮತ್ತು ಓದು

ಈ ಇತಿಹಾಸಕ್ಕೆ ಇನ್ನೊಂದು ಪುಟವೂ ಇದೆ. ಉಳಿತಾಯ ಗುಂಪುಗಳು ಸಾಲ ತೀರಿಸುವುದರಲ್ಲಿ ಪ್ರಾಮಾಣಿಕವೆಂದು ಕಂಡಾಗ ಲಾಭಕ್ಕಾಗಿ ಸಾಲ ಕೊಡುವ ಕಂಪನಿಗಳೂ ಹಳ್ಳಿಗೆ ಬಂದವು. ಒಬ್ಬಳೇ ಮಹಿಳೆಗೆ ಮೂರು ನಾಲ್ಕು ಕಡೆಯಿಂದ ಸಾಲ, ವಾರವಾರವೂ ವಸೂಲಿ. ಸಾಲಗಾರರ ಆತ್ಮಹತ್ಯೆಯ ಸುದ್ದಿಗಳು ಬಂದ ಮೇಲೆ 2010ರ ಅಕ್ಟೋಬರ್‌ನಲ್ಲಿ ಆಂಧ್ರ ಸರ್ಕಾರ ಇವುಗಳನ್ನು ನಿಯಂತ್ರಿಸಲು ಸುಗ್ರೀವಾಜ್ಞೆ ಹೊರಡಿಸಿತು. ಸಹಿ ಮಾಡಲು ಕಲಿತರೂ ಬಡ್ಡಿಯ ಕರಾರು ಓದಿ ಅರಿಯಲು ಕಲಿಯದಿದ್ದರೆ ಹೆಬ್ಬೆಟ್ಟಿಗೂ ಸಹಿಗೂ ವ್ಯತ್ಯಾಸವೇನು? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಪತ್ರ ಬರೆಯುವುದು, ಒಂದೆಂದು ಹಿರಿಯರು ಹೇಳಿದ್ದಾರೆ. ಎದುರಿನವರಿಗೆ ಓದಲು ಬಾರದೆಂದು ತಿಳಿದೇ ಅವರಿಂದ ಒಪ್ಪಿಗೆ ಪಡೆಯುವ ಪತ್ರದಲ್ಲಿ ಅಕ್ಷರಗಳು ಸತ್ಯವಾಗಿದ್ದರೂ ವ್ಯವಹಾರ ಸತ್ಯವಾಗುವುದೇ ಎಂಬುದನ್ನು ವ್ಯಾಪಾರದಲ್ಲಿರುವ ಪ್ರತಿಯೊಬ್ಬರೂ ಯೋಚಿಸಬೇಕು.

ಜಗತ್ತಿನಲ್ಲಿ ಓದುಬರಹ ಬಾರದ ವಯಸ್ಕರ ಸಂಖ್ಯೆ ಇಂದಿಗೂ 70 ಕೋಟಿಗೆ ಮಿಗಿಲು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಹಿಳೆಯರು. ಆದುದರಿಂದ ಈ ಕಾರ್ಯ ಸರ್ಕಾರದ್ದಷ್ಟೇ ಎಂದು ಬಿಡುವಂತಿಲ್ಲ. ಶಾಸ್ತ್ರದಾನವನ್ನು ನಾಲ್ಕು ದಾನಗಳಲ್ಲಿ ಒಂದಾಗಿ ಎಣಿಸುವ ಸಮಾಜಕ್ಕೆ ವಯಸ್ಕರ ಪಾಠಶಾಲೆಯೂ ದಾನಕ್ಷೇತ್ರವೇ ಆಗಬೇಕು. ಬಸದಿಯ ಟ್ರಸ್ಟುಗಳ ಸಭಾಭವನಗಳು ಸಂಜೆಯ ಹೊತ್ತು ಬರಿದಾಗಿರುವ ಕಡೆ, ತೋಟ ಗದ್ದೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗಾಗಿ ಆ ಬಾಗಿಲು ತೆರೆಯಬಹುದು. ಹಾಗೆ ತೆರೆಯುವಾಗ ನೆಲ್ಲೂರಿನ ಮೂರು ಪಾಠಗಳು ನೆನಪಿರಲಿ. ಪುಸ್ತಕದಲ್ಲಿ ಕಲಿಯುವವರ ಬಾಳಿನ ವಿಷಯವಿರಬೇಕು. ಒಬ್ಬೊಬ್ಬರಾಗಿ ಅಲ್ಲ, ಗುಂಪಾಗಿ ಕಲಿಯಬೇಕು. ಕಲಿತ ಮೇಲೆ ಬರೆಯಲು ಅವರದೇ ಆದ ಒಂದು ಲೆಕ್ಕದ ಪುಸ್ತಕವಿರಬೇಕು.

ದಾನಿಗಳು ಅರಿತಿರಬೇಕಾದ ಇನ್ನೊಂದು ಮಾತುಂಟು. ಓದಲು ಕಲಿತ ಹೆಣ್ಣುಮಗಳು ತನ್ನ ಕೂಲಿಯ ಚೀಟಿಯನ್ನು ಓದುವಳು. ಅಂಗಡಿಯ ತಕ್ಕಡಿಯನ್ನು ನೋಡುವಳು. ಒಂದು ದಿನ ತನಗೆ ಅಕ್ಷರ ಕಲಿಸಿದವರ ಲೆಕ್ಕವನ್ನೂ ಕೇಳುವಳು. ಆಂಧ್ರದ ಸರ್ಕಾರಕ್ಕೆ 1992ರಲ್ಲಿ ಆ ಪ್ರಶ್ನೆ ಅನಿರೀಕ್ಷಿತವಾಗಿ ಎದುರಾಯಿತು. ಲೆಕ್ಕ ಶುದ್ಧವಾಗಿರುವವರಿಗೆ ಆ ಪ್ರಶ್ನೆಯಿಂದ ಭಯವಿಲ್ಲ.